ಶರ್ಮಿಳಾ ತಿರುಗಿ ಹೊಡೆದ ಅಧ್ಯಾಯ

ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ, ಹಾಡಹಗಲೇ, ಶೇಂಗಾ ಮಾರುವವನಿಂದ ಹಿಡಿದು ಬಸ್ಸಿನ ಕಂಡಕ್ಟರ್ ತನಕ ಎಲ್ಲರ ಎದುರಿಗೇ ರಾಘು ವಿನುತಾಳ ಕೆನ್ನೆಗೆ ಬಾರಿಸಿದ. ಬಾರಿಸಿದ ಅಂದರೆ ಸುಮ್ಮನೆ ಕೈ ಆಡಿಸಿದ್ದಲ್ಲ. ಅವಳ ಒಂದು ಕಿವಿಯ ಓಲೆ ಹಾರಿ ಗಟಾರದ ಅಂಚಿಗೆ ಬಿತ್ತು. ಅದನ್ನು ಹೆಕ್ಕಲು ಬಾಗಿದರೆ ಮೂಗಿನಿಂದ ರಕ್ತ ಇಳಿದು ಕೈಯಲ್ಲಿದ್ದ ಹೊಸ ಚಪ್ಪಲಿಯ ಡಬ್ಬಿಯ ಮೇಲೆಲ್ಲ ಆಯಿತು. ಅವಳು ಮಾಡಿದ ಅಪರಾಧ ಇಷ್ಟೆ. ಮದುವೆಗೆ ಚಪ್ಪಲಿ ಕೊಳ್ಳಲು ಭಟ್ಕಳದ ಪೇಟೆಗೆ ಹೋಗಿದ್ದಳು. ಬರುವಾಗ ಬಸ್ಸಿನಲ್ಲಿ ಹೈಸ್ಕೂಲಿನ ಜೊತೆಗಾರ ಶ್ರೀಕೃಷ್ಣ ಸಿಕ್ಕಿದ್ದ. ಇಬ್ಬರೂ ಹಳೆಯ ಮಾಸ್ತರರೊಬ್ಬರ ಸುದ್ದಿ ತೆಗೆದು ನಗುತ್ತಾ ಇಳಿದಿದ್ದರು. ಎದುರಿಗೇ ರಾಘುವಿನ ಟೆಂಪೋ ಪಾಳಿಗೆ ನಿಂತಿತ್ತು.

ಶ್ರೀಕೃಷ್ಣನಿಗೂ ಬಿತ್ತು. ಅವನ ಮುಂದಿನ ಹಲ್ಲೊಂದು ಅಲ್ಲೇ ಹೋಯಿತು. ಜನ ಕೂಡಿದರು, ಯಾರೋ ಪೊಲೀಸರನ್ನು ಕರೆಯಿರಿ ಎಂದರು. ಆಗ ಇನ್ನೊಬ್ಬ ಟೆಂಪೋದವನು, ಅಯ್ಯ, ರಾಘುವಿಗೂ ಆ ಹುಡುಗಿಗೂ ಮದುವೆ ನಿಶ್ಚಯ ಆಗಿದೆ ಮಾರಾಯ್ರೆ ಎಂದ. ಅಷ್ಟು ಕೇಳಿದ್ದೇ ತಡ, ಎಲ್ಲರ ಮುಖದಲ್ಲೂ ಸಮಾಧಾನ ಕಾಣಿಸಿತು. ಪೊಲೀಸರನ್ನು ಕರೆಯಿರಿ ಎಂದವನೇ ಶೇಂಗಾ ಕೊಳ್ಳಲು ಹೋದ.

ವಿನುತಾ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಸ್ಸಿನ ಕಿಟಕಿಯ ಸರಳು ತಾಗಿತು ಎಂದಳು. ತಾಯಿ ಗಣಪಿ ಅರಿಶಿನ ಹಚ್ಚಿ, ಮದುವೆಯ ಹೊತ್ತಿಗೆ ಕಲೆ ಉಳಿಯದಿದ್ದರೆ ಸಾಕು ಎಂದು ಬೈದಳು.

ಹೇಳದಿದ್ದುದಕ್ಕೆ ಹೆದರಿಕೆ ಕಾರಣವಲ್ಲ. ರಾಘು ಅವಳ ಗೆಳೆಯನಾಗಿದ್ದ. ಈ ಮಾತನ್ನು ಈಗಿನವರು ಹೇಳುವ ಹಾಗೆ ಹಗುರವಾಗಿ ಹೇಳುತ್ತಿಲ್ಲ. ಹೊಳನಗದ್ದೆಯಲ್ಲಿ ಇಬ್ಬರ ಮನೆಗೂ ನಡುವೆ ಒಂದು ಬೇಲಿ, ಆ ಬೇಲಿಯಲ್ಲಿ ಇಬ್ಬರೂ ನುಸುಳಿ ನುಸುಳಿ ಮಾಡಿದ ಒಂದು ಕಿಂಡಿ. ಸಮುದ್ರ ಇಳಿತದ ಹೊತ್ತಿಗೆ ಹಳ್ಳದ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಒಟ್ಟಿಗೇ ಹೋಗುತ್ತಿದ್ದರು. ಅವಳಿಗೆ ನಾಯಿ ಕಚ್ಚಿದಾಗ ಕುಮಟೆಯ ಆಸ್ಪತ್ರೆಗೆ ಪ್ರತಿಸಲವೂ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋದವನು ಅವನು. ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದವನೂ ಅವನೇ. ಅವನಿಗೆ ಗಣಿತ ಕಲಿಸಿ ಎಸ್ಸೆಸ್ಸೆಲ್ಸಿ ಪಾಸು ಮಾಡಿಸುತ್ತೇನೆಂದು ಅವಳು ಪಣ ತೊಟ್ಟು, ಅವನು ಗಣಿತದಲ್ಲೇ ನಪಾಸಾಗಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವಳ ಅಪ್ಪ ತೀರಿಕೊಂಡ ದಿನ ಒಂದು ಮಾತೂ ಆಡದೆ ಜಗಲಿಯ ಮೂಲೆಯಲ್ಲಿ ಅವಳ ಪಕ್ಕ ಕುಳಿತಿದ್ದ.

ಆಮೇಲೆ ಅವಳಿಗೆ ಸಂಬಂಧಗಳು ಬರತೊಡಗಿದವು. ಆಗ ರಾಘು ಒಂದು ದಿನ ಬೇಲಿಯ ಹತ್ತಿರ ನಿಂತು, ನಿನ್ನನ್ನು ಬೇರೆ ಯಾರೋ ಕರೆದುಕೊಂಡು ಹೋಗುವುದು ನನ್ನಿಂದ ನೋಡಲಾಗದು ಎಂದ. ವಿನುತಾಳಿಗೆ ಸಂತೋಷವಾಯಿತು. ನಿಜವಾದ ಸಂತೋಷ, ಮುಚ್ಚಿಡುವುದೇನಿದೆ? ನಿಶ್ಚಿತಾರ್ಥವೂ ಆಯಿತು. ಆ ಮರುದಿನದಿಂದ ಎಲ್ಲದಕ್ಕೂ ವಿಚಾರಣೆ ಶುರುವಾಯಿತು. ಎಲ್ಲಿಗೆ ಹೋಗಿದ್ದೆ, ಯಾರ ಹತ್ತಿರ ಮಾತಾಡುತ್ತಿದ್ದೆ, ಫ್ಯಾಕ್ಟರಿಯ ಮೇಸ್ತ್ರಿ ನಿನ್ನ ಹತ್ತಿರ ಎಂತಕ್ಕೆ ನಿಂತಿದ್ದ. ಅದರ ಕೊನೆಗೆ ಹೊನ್ನಾವರದ ಆ ಪೆಟ್ಟು.

ಕೆಲವು ದಿನ ಬಿಟ್ಟು ಅವನು ಬಂದ. ತಪ್ಪಾಯಿತು ಎನ್ನಲು ಬಂದಿರಬೇಕು ಎಂದು ಅವಳು ಕಾದಳು. ಅವನು ಒಂದು ಕಾದಂಬರಿ ತಂದು ಅವಳ ಕೈಗಿಟ್ಟ. ಟೆಂಪೋದವರು ಪಾಳಿ ಬರುವ ತನಕ ಸ್ಟ್ಯಾಂಡಿನಲ್ಲಿ ತಾಸುಗಟ್ಟಲೆ ಬಿದ್ದಿರಬೇಕು. ಕೆಲವರು ಇಸ್ಪೀಟು ಆಡುತ್ತಾರೆ, ರಾಘು ಬಾಡಿಗೆ ಲೈಬ್ರರಿಯಿಂದ ಕಾದಂಬರಿ ತಂದು ಸ್ಟೇರಿಂಗಿಗೆ ಒರಗಿಸಿ ಓದುತ್ತಿದ್ದ. ಇದರ ಹೊದಿಕೆ ಹರಿದುಹೋಗಿತ್ತು, ಹೆಸರೇ ಇರಲಿಲ್ಲ. ನಡುವೆ ಒಂದು ಪುಟದ ಮೂಲೆ ಮಡಚಿತ್ತು.

"ಇದನ್ನ ಓದು," ಎಂದ. "ನಾ ಎಂತಕ್ಕೆ ಹೊಡೆದೆ ಹೇಳಿ ನಿಂಗೇ ತಿಳೀತದೆ."

ವಿನುತಾ ಮಡಚಿದ ಪುಟವನ್ನು ತೆಗೆದು ನೋಡಲಿಲ್ಲ. ಕಾದಂಬರಿಯನ್ನು ಮೊದಲಿನಿಂದಲೇ ಓದಬೇಕು ಎನ್ನುವ ಜಾತಿ ಅವಳದು. ಮರುದಿನ ಅದನ್ನು ಕೆಲಸಕ್ಕೆ ತೆಗೆದುಕೊಂಡು ಹೋದಳು.

ಕೆಲಸವೆಂದರೆ ಕುಮಟೆಯ ಹೊರಗೆ, ಹೆದ್ದಾರಿಯ ಮಗ್ಗುಲಲ್ಲಿದ್ದ ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ತೆಗೆಯುವುದು. ಒಣಗಿ ಬಂದ ಬೀಜದ ಮೇಲಿನ ಕೆಂಪು ಸಿಪ್ಪೆಯನ್ನು ಸಣ್ಣ ಚೂರಿಯಿಂದ, ಬೀಜ ಒಡೆಯದ ಹಾಗೆ, ಬಿಡಿಸಬೇಕು. ಇಡೀ ಬೀಜ ಒಂದು ತಟ್ಟೆಗೆ, ಒಡೆದದ್ದು ಇನ್ನೊಂದಕ್ಕೆ. ಸಂಜೆ ತಕ್ಕಡಿಗೆ ಹಾಕುತ್ತಾರೆ. ಆ ಮೇಜಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬಳು ಕಾದಂಬರಿ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳುತ್ತಾ ಕೆಲಸ ಮಾಡಬೇಕು, ಓದುವವಳ ತಟ್ಟೆಗೆ ಪ್ರತಿಯೊಬ್ಬಳೂ ತನ್ನ ಪಾಲಿನಿಂದ ಒಂದೊಂದು ಹಿಡಿ ಹಾಕಬೇಕು. ಹೀಗೆ ಓದುವವಳ ಕೂಲಿಗೆ ಮೋಸವಿಲ್ಲ. ಪೀಯೂಸಿ ತನಕ ಹೋಗಿದ್ದ ವಿನುತಾಳಿಗೆ ಆ ಕೆಲಸ ತಾನಾಗಿ ಬಂದಿತ್ತು. ಮೇಸ್ತ್ರಿ ಶಾಂತಾರಾಮ ಮೊದಮೊದಲು ಗುರ್ ಎಂದ. ಆಮೇಲೆ ತಕ್ಕಡಿಯ ಹತ್ತಿರ ಒಂದು ಸಂಗತಿ ಕಂಡುಕೊಂಡ. ಕಥೆಯಲ್ಲಿ ಪ್ರೀತಿ ನಡೆಯುತ್ತಿರುವ ದಿನ ಇಡೀ ಬೀಜ ಹೆಚ್ಚು, ಜಗಳ ನಡೆದ ದಿನ ಒಡಕು ಹೆಚ್ಚು. ಅಂದಿನಿಂದ ಅವನು ಬೆಳಿಗ್ಗೆ ಬಂದವನೇ ಇವತ್ತು ಕಥೆಯಲ್ಲಿ ಎಂತ ಎಂದು ವಿಚಾರಿಸಿಯೇ ಮುಂದೆ ಹೋಗುತ್ತಿದ್ದ.

ಅದೇ ಮೇಜಿನಲ್ಲಿ ವಿನುತಾಳ ಎಡಕ್ಕೆ ಕುಳಿತು ಸಿಪ್ಪೆ ತೆಗೆಯುತ್ತಿದ್ದವಳು ನಾಗಮ್ಮ, ರಾಘುವಿನ ತಾಯಿ. ಅಕ್ಷರ ಬಾರದ ಹೆಂಗಸು, ಕಥೆಯೆಂದರೆ ಪ್ರಾಣ. ವಿನುತಾ ಸೊಸೆಯಾಗಿ ಬಂದರೆ ಮನೆಯಲ್ಲೂ ಓದಿಸಬಹುದು ಎಂದು ಎಲ್ಲರ ಎದುರು ಹೇಳಿಕೊಂಡು ಹಿಗ್ಗುತ್ತಿದ್ದಳು. ಅವಳ ಗಂಡ ಸುಬ್ಬ ಬದುಕಿದ್ದಷ್ಟು ಕಾಲ ಅವಳನ್ನು ದನಕ್ಕೆ ಬಡಿದ ಹಾಗೆ ಬಡಿದಿದ್ದ. ಇದು ಊರಿಗೆಲ್ಲ ಗೊತ್ತಿತ್ತು. ಅವಳು ಮಾತ್ರ ಅವನ ಮಾತು ಬಂದಾಗಲೆಲ್ಲ, ಕೈ ಮುಂದಿತ್ತು, ಆದರೆ ಮನಸ್ಸಿನಲ್ಲಿ ಪ್ರೀತಿ ಇತ್ತು ಎನ್ನುತ್ತಿದ್ದಳು.

ಕಾದಂಬರಿ ಶರ್ಮಿಳಾ ಮತ್ತು ಅಭಿಜಿತ್ ಎಂಬ ಇಬ್ಬರದು. ಚಿಕ್ಕಂದಿನಿಂದ ಗೆಳೆಯರು, ಬೆಳೆದು ಪ್ರೇಮಿಗಳಾಗುವವರು. ಬಂಗಾರಿ ಎಂಬ ಬಾಯಿಬಡುಕಿ ಎರಡನೇ ದಿನಕ್ಕೇ, ಇದು ನಿಮ್ಮಿಬ್ಬರದೇ ಕಥೆ ಅಲ್ದನೇ ಎಂದು ವಿನುತಾಳನ್ನು ಚಿವುಟಿದಳು. ನಾಗಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು.

ಅರ್ಧ ಪುಸ್ತಕದ ತನಕ ವಿನುತಾಳಿಗೆ ಬಹಳ ಹಿಡಿಸಿತು. ಶರ್ಮಿಳಾ ಪುಟಕ್ಕೊಂದು ಸೀರೆ ಉಡುತ್ತಿದ್ದುದನ್ನೂ, ಅಭಿಜಿತನ ಕೂದಲು ಗಾಳಿಯಿಲ್ಲದಿದ್ದರೂ ಹಾರುತ್ತಿದ್ದುದನ್ನೂ ಅವಳು ಕ್ಷಮಿಸಿದಳು. ಯಾಕೆಂದರೆ ಬರೆದ ಪುಣ್ಯಾತ್ಮರಿಗೆ ಗೆಳೆತನ ಗೊತ್ತಿತ್ತು. ಜ್ವರ ಬಂದವಳ ಕಾಲೇಜಿನ ಪಾಠವನ್ನು ಅವನು ಬರೆದುಕೊಟ್ಟದ್ದು, ಅವನ ತಂದೆ ಕೆಲಸ ಕಳೆದುಕೊಂಡಾಗ ಅವಳು ಸಮಾಧಾನದ ಮಾತಾಡದೆ ಅವನ ಜೊತೆ ಸುಮ್ಮನೆ ನಡೆದದ್ದು, ಎಲ್ಲವೂ ನೋಡಿ ಬರೆದ ಹಾಗಿತ್ತು. ಓದುತ್ತಾ ಅವಳಿಗೆ ಬೇಲಿಯ ಆಚೆಯ ರಾಘು ನೆನಪಾಗುತ್ತಿದ್ದ. ಕೆನ್ನೆಯ ನೋವು ಆರುತ್ತಾ ಬಂತು. ಇವನನ್ನು ಬಿಟ್ಟು ನಾನಾದರೂ ಎಲ್ಲಿಗೆ ಹೋಗಲಿ ಎಂದೂ ಅನಿಸಿತು.

ಮೂಲೆ ಮಡಚಿದ ಪುಟ ಬಂದದ್ದು ಒಂದು ಶುಕ್ರವಾರ. ಗಟ್ಟಿಯಾಗಿ ಓದುವವರಿಗೆ ಒಂದು ಅಭ್ಯಾಸವಿರುತ್ತದೆ; ಬಾಯಿ ಒಂದು ಸಾಲಿನಲ್ಲಿದ್ದರೆ ಕಣ್ಣು ಎರಡು ಸಾಲು ಮುಂದೆ ಓಡುತ್ತಿರುತ್ತದೆ. ಶರ್ಮಿಳಾ ಬಸ್ಸಿಗೆ ಕಾಯುತ್ತಾ ಜೊತೆಯ ಹುಡುಗನೊಬ್ಬನ ಮಾತಿಗೆ ನಕ್ಕಳು. ಅಭಿಜಿತ್ ಬಂದ. ಅವನ ಕಣ್ಣು ಕೆಂಡವಾಗಿತ್ತು. ಅವಳ ಕೆನ್ನೆಗೆ ಹೊಡೆದ. ಅಲ್ಲಿಯವರೆಗೆ ವಿನುತಾ ಓದಿದಳು. ಮೇಜಿನ ಸುತ್ತ ಚೂರಿಗಳು ನಿಂತವು. ಬಂಗಾರಿ ಉಸಿರೆಳೆದು, ಪ್ರೀತಿ ಇದ್ದದ್ದಕ್ಕೇ ಹೊಡೆದ ಕಾಣು ಎಂದಳು. ಹೌದು ಎಂದು ಹೇಳಿದವಳು ನಾಗಮ್ಮ.

ವಿನುತಾಳ ಕಣ್ಣು ಮುಂದಿನ ಸಾಲುಗಳ ಮೇಲಿತ್ತು. ಶರ್ಮಿಳಾ ಮನೆಗೆ ಹೋಗಿ ಕನ್ನಡಿ ನೋಡಿಕೊಳ್ಳುತ್ತಾಳೆ. ಕೆನ್ನೆಯ ಮೇಲೆ ಮೂಡಿದ ಬೆರಳುಗಳ ಗುರುತು ಕಂಡು ನಗುತ್ತಾಳೆ. ಆ ಗುರುತಿಗೆ ಮುತ್ತಿಡಲಾಗದೆ ತನ್ನ ಬೆರಳಿಗೇ ಮುತ್ತಿಡುತ್ತಾಳೆ. ಓದಿ ಅವಳ ಮೈಯೆಲ್ಲ ಉರಿಯಿತು. ಹೊಡೆಸಿಕೊಂಡವಳು ಬೆರಳಿಗೆ ಮುತ್ತಿಡುವುದಿಲ್ಲ. ಹೊಡೆಸಿಕೊಂಡವಳು ಗಟಾರದಲ್ಲಿ ಓಲೆ ಹುಡುಕುತ್ತಾಳೆ, ರಕ್ತ ಒರೆಸಿಕೊಳ್ಳುತ್ತಾಳೆ, ಮನೆಗೆ ಹೋಗಿ ಸುಳ್ಳು ಹೇಳುತ್ತಾಳೆ. ಮಡಚಿದ ಆ ಮೂಲೆಯನ್ನು ನೋಡಿದರೆ, ಒಂದು ಪೆಟ್ಟು ಸಾಲದೆಂದು ಅವನು ಎರಡನೆಯದನ್ನು ಕಾಗದದಲ್ಲಿ ಕಟ್ಟಿ ಕಳಿಸಿದ ಹಾಗೆ ಅವಳಿಗೆ ಕಂಡಿತು.

ಅವಳು ಒಂದು ಸಲ ಕೆಮ್ಮಿದಳು. ಪುಟ ತಿರುವಿದಳು. ಪುಸ್ತಕದ ಅದೇ ಧಾಟಿಯಲ್ಲಿ, ಒಂದಕ್ಷರವೂ ತಡವರಿಸದೆ, ಅಲ್ಲಿ ಇಲ್ಲದ್ದನ್ನು ಓದತೊಡಗಿದಳು.

'ಶರ್ಮಿಳಾ ಒಂದು ಕ್ಷಣ ನಿಂತಳು. ಕೈಯಲ್ಲಿದ್ದ ಕೊಡೆಯನ್ನು ಮಡಚಿ ಹಿಡಿದಳು. ಅಭಿಜಿತನ ಮುಖದ ಮೇಲೆ ಬೀಸಿ ಹೊಡೆದಳು. ಕೊಡೆಯ ಕಡ್ಡಿ ಮುರಿದು ಅವನ ಹುಬ್ಬು ಸೀಳಿತು. ಅವನು ಬಿದ್ದಮೇಲೂ ಹೊಡೆದಳು. ಬಳಿಕ ಬೆರಳಿನ ಉಂಗುರವನ್ನು ಕಿತ್ತು ಅವನ ಎದೆಯ ಮೇಲೆ ಎಸೆದಳು. ನೀನು ನನ್ನ ಗೆಳೆಯನನ್ನು ಕೊಂದೆ, ಕೊಲೆಗಾರನನ್ನು ನಾನು ಮದುವೆಯಾಗುವುದಿಲ್ಲ ಎಂದಳು.'

ಓದಿ ಪುಸ್ತಕ ಮುಚ್ಚಿದಳು. ಮೇಜಿನಲ್ಲಿ ಗಲಾಟೆ ಎದ್ದಿತು. ಇದೆಂತಾ ಪುಸ್ತಕ ಎಂದರು ಕೆಲವರು. ಅಷ್ಟು ವರ್ಷದ ಗೆಳೆಯನಿಗೆ ಒಂದು ಪೆಟ್ಟಿಗಾಗಿ ಹೀಗೆ ಮಾಡುವುದೇ ಎಂದಳು ಬಂಗಾರಿ. ಬರೆದವರಿಗೆ ಬುದ್ಧಿಯಿಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ನಾಗಮ್ಮ ಮಾತ್ರ ವಿನುತಾಳ ಕಡೆ ಬಾಗಿ, ಅವನು ಬಿದ್ದಮೇಲೂ ಹೊಡೆದಳಂತೇನೇ ಎಂದು ಮೆಲ್ಲಗೆ ಕೇಳಿದಳು. ವಿನುತಾ ಹೌದೆಂದಳು. ಅವತ್ತು ಸಂಜೆ ತಕ್ಕಡಿಯಲ್ಲಿ ಒಡಕು ಬೀಜ ಎಷ್ಟಿತ್ತೆಂದರೆ ಶಾಂತಾರಾಮ ತಲೆ ಚಚ್ಚಿಕೊಂಡ.

ಆ ಸಂಜೆ ವಿನುತಾ ರಾಘುವಿನ ಟೆಂಪೋ ಹತ್ತದೆ ಸರಕಾರಿ ಬಸ್ಸಿಗೆ ಹೋದಳು. ಮದುವೆ ಮುರಿಯಬೇಕೆಂದು ಅವಳು ನಿರ್ಧರಿಸಿದ್ದಳೇ? ಇಲ್ಲ. ನಿರ್ಧರಿಸುವ ಧೈರ್ಯ ಬರಲಿ ಎಂದು ಶರ್ಮಿಳಾಳ ಕೈಯಲ್ಲಿ ಮೊದಲು ಹೊಡೆಸಿ ನೋಡಿದ್ದಳು, ಅಷ್ಟೆ. ಆದರೆ ಮದುವೆಯಾದರೆ ಇಡೀ ಜನ್ಮ ಬಸ್ಸಿನ ಕಿಟಕಿಯ ಸರಳು ತಾಗುತ್ತಲೇ ಇರುತ್ತದೆ ಎಂಬುದು ಅವಳಿಗೆ ಈಗ ಗೊತ್ತಿತ್ತು. ಬೇಡ ಎಂದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಬಂಗಾರಿ ಬಂದವಳೇ ನಗುತ್ತಾ ಒಂದು ವರದಿ ಒಪ್ಪಿಸಿದಳು. ನಿನ್ನೆ ಟೆಂಪೋದಲ್ಲಿ ಹೋಗುವಾಗ ರಾಘುವಿಗೆ ತಮಾಷೆ ಮಾಡಿದಳಂತೆ. ನಿನ್ನ ಹುಡುಗಿ ಓದುವ ಪುಸ್ತಕದಲ್ಲಿ ಹೆಣ್ಣೇ ಗಂಡನ್ನು ಕೊಡೆಯಲ್ಲಿ ಬಡಿದು ಮದುವೆ ಮುರಿದಳು, ನೀನೂ ಜಾಗ್ರತೆ ಮಾರಾಯ ಎಂದಳಂತೆ. ಅವನು ಮೊದಲು ನಕ್ಕು, ಆಮೇಲೆ ಯಾವ ಪುಸ್ತಕ ಎಂದು ಕೇಳಿ, ಮತ್ತೆ ಕುಮಟೆ ಬರುವ ತನಕ ತುಟಿ ಬಿಚ್ಚಲಿಲ್ಲವಂತೆ.

ವಿನುತಾ ಕೈಯ ಚೂರಿ ಕೆಳಗಿಟ್ಟಳು. ಆ ಪುಸ್ತಕವನ್ನು ಅವನು ಓದಿದ್ದ. ಪುಟ ಮಡಚಿ ಕೊಟ್ಟವನೇ ಅವನು. ಅದರಲ್ಲಿ ಇಲ್ಲದ್ದನ್ನು ಯಾರು ಸೇರಿಸಿದರು, ಯಾರಿಗಾಗಿ ಸೇರಿಸಿದರು ಎಂದು ತಿಳಿಯಲು ಅವನಿಗೆ ಗಣಿತ ಬರಬೇಕಾಗಿರಲಿಲ್ಲ.

ಮಧ್ಯಾಹ್ನದ ಊಟದ ಗಂಟೆಗೆ ಇನ್ನೂ ಹೊತ್ತಿತ್ತು. ಹೊರಗೆ ಟೆಂಪೋ ಬ್ರೇಕು ಹಾಕಿದ ಸದ್ದು ಕೇಳಿತು. ಒಳಗಿದ್ದ ಪ್ಯಾಸೆಂಜರುಗಳನ್ನು ಹಾಗೆಯೇ ಬಿಟ್ಟು ರಾಘು ಬಾಗಿಲು ದಾಟಿ ಬಂದ. ಶಾಂತಾರಾಮ ಅಡ್ಡ ಹೋಗಿ, ಒಳಗೆ ಗಂಡಸರು ಬರುವಂತಿಲ್ಲ ಎನ್ನುವಷ್ಟರಲ್ಲಿ ಅವನ ಹೊಟ್ಟೆಗೆ ಗುದ್ದು ಬಿತ್ತು. ಬಾಗಿದವನ ಮುಖಕ್ಕೆ ರಾಘು ಮೊಣಕಾಲಿನಿಂದ ಗುದ್ದಿದ. ಮೇಸ್ತ್ರಿ ತಟ್ಟೆಗಳ ಸಾಲಿನ ಮೇಲೆ ಬಿದ್ದು, ಬೀಜವೆಲ್ಲ ನೆಲದ ಪಾಲಾಯಿತು. ಅವನ ಮೂಗಿನ ರಕ್ತ ಬಿಳಿ ಬೀಜಗಳ ಮೇಲೆ ಹರಿಯಿತು.

ರಾಘು ವಿನುತಾಳ ಜಡೆಗೆ ಕೈ ಹಾಕಿ ಬೆಂಚಿನಿಂದ ಎಳೆದ. ಅವಳು ಮೇಜಿನ ಕಾಲನ್ನು ಅಪ್ಪಿ ಹಿಡಿದಳು. ಬೆರಳುಗಳ ಮೇಲೆ ತುಳಿದು ಬಿಡಿಸಿದ. ಎತ್ತಿ ನಿಲ್ಲಿಸಿ ಮುಖಕ್ಕೆ ಹೊಡೆದ. ತುಟಿ ಒಡೆಯಿತು. ಮೇಜಿನ ಮೇಲಿದ್ದ ಪುಸ್ತಕವನ್ನು ತೆಗೆದು ಮಡಚಿದ ಪುಟ ಬಿಚ್ಚಿ ಅವಳ ಮುಖಕ್ಕೆ ಒತ್ತಿದ.

"ಎಂತ ಬರದದೆ, ಅದನ್ನ ಓದು," ಎಂದ. "ಎಲ್ಲಾ ಕೇಳ್ಲಿ. ಗಟ್ಟಿಯಾಗಿ ಓದು."

ಜಡೆ ಅವನ ಮುಷ್ಟಿಯಲ್ಲಿತ್ತು. ವಿನುತಾ ಓದಿದಳು. ಒಡೆದ ತುಟಿಯಲ್ಲಿ ಪ ಮತ್ತು ಮ ಹೊರಡುತ್ತಿರಲಿಲ್ಲ. 'ಕೆನ್ನೆಯ ಮೇಲೆ ಮೂಡಿದ ಅವನ ಬೆರಳುಗಳ ಗುರುತನ್ನು ಕನ್ನಡಿಯಲ್ಲಿ ಕಂಡು ಶರ್ಮಿಳಾ ನಾಚಿ ನಕ್ಕಳು. ಇಷ್ಟು ವರ್ಷ ಗೆಳೆಯನಾಗಿದ್ದವನು ಇಂದು ನನ್ನವನಾದ ಎಂದುಕೊಂಡಳು.' ಪುಟದ ಮೇಲೆ ರಕ್ತ ತೊಟ್ಟಿಕ್ಕಿ ಅಕ್ಷರ ಕಾಣದಾಯಿತು. ಅದೇ ಸಾಲುಗಳನ್ನು ನಿನ್ನೆ ಓದಿದ್ದರೆ ಬಂಗಾರಿ ನಿಟ್ಟುಸಿರು ಬಿಡುತ್ತಿದ್ದಳು. ಈಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು.

"ಕೇಳಿದ್ರಾ," ಎಂದ ರಾಘು ಹೆಂಗಸರ ಕಡೆ ತಿರುಗಿ. ಅವನ ಕಣ್ಣಲ್ಲೂ ನೀರಿತ್ತು. ಇದನ್ನು ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ. "ಇವಳ ಮೇಲೆ ಜೀವ ಇಟ್ಕಂಡದ್ದಕ್ಕೇ ಹೊಡೆದದ್ದು. ಪುಸ್ತಕದಲ್ಲೇ ಅದೆ. ಇವಳಿಗೆ ಮಾತ್ರ ತಿಳೂದಿಲ್ಲ."

ವಿನುತಾ ಪುಸ್ತಕವನ್ನು ಕೆಳಗೆ ಬಿಟ್ಟಳು. ಹೆದರಿಕೆ ಇತ್ತು. ಆದರೆ ಇಷ್ಟು ದಿನ ಹೇಳದೆ ಇಟ್ಟುಕೊಂಡಿದ್ದದ್ದು ಈಗ ಹೊರಗೆ ಬಂತು.

"ಪುಸ್ತಕ ಸುಳ್ಳು ರಾಘು," ಎಂದಳು. "ಗೆಳೆಯ ಆಗಿದ್ದಾಗ ನೀ ಒಂದ್ ದಿನವೂ ನಂಗೆ ಹೊಡೀಲಿಲ್ಲ. ಬಳಚಿನ ಬುಟ್ಟಿ ನಾ ನೀರಿಗೆ ಚೆಲ್ಲಿದಾಗೂ ಹೊಡೀಲಿಲ್ಲ. ಪ್ರೀತಿ ಅಂದ ಮೇಲೇ ಹೊಡೂಕೆ ಶುರು ಮಾಡಿದೆ. ನಂಗೆ ಆ ಪ್ರೀತಿ ಬೇಡ. ನನ್ನ ಗೆಳೆಯನ್ನ ವಾಪಸ್ ಕೊಡು, ಇಲ್ಲಾಂದ್ರೆ ಹೋಗು."

ಅವನು ಮುಷ್ಟಿ ಎತ್ತಿದ. ಮೊದಲ ಗುದ್ದಿಗೆ ಅವಳ ತಲೆ ಮೇಜಿನ ಅಂಚಿಗೆ ಬಡಿಯಿತು. ಎರಡನೆಯದಕ್ಕೆ ಒಂದು ಕಣ್ಣು ಕಾಣದಾಯಿತು. ಅವಳು ಮೇಜಿನ ಮೇಲೆ ಅಂಗಾತ ಬಿದ್ದಳು, ಬೆನ್ನಿನ ಕೆಳಗೆ ಬೀಜಗಳು ಪಟಪಟ ಒಡೆದವು. ಅವನು ಎರಡೂ ಕೈಯಿಂದ ಅವಳ ಕುತ್ತಿಗೆ ಹಿಡಿದು ಒತ್ತಿದ. ಬೇಡ ಅಂತೀಯಾ, ನನ್ನನ್ನ ಬೇಡ ಅಂತೀಯಾ ಎಂದು ಅದೊಂದನ್ನೇ ಹೇಳುತ್ತಿದ್ದ. ಹೆಂಗಸರು ಅವನ ಅಂಗಿ ಹಿಡಿದು ಎಳೆದರು, ಬಂಗಾರಿ ಅವನ ತೋಳು ಕಚ್ಚಿದಳು. ಅವನಿಗೆ ಏನೂ ತಾಗುತ್ತಿರಲಿಲ್ಲ. ವಿನುತಾಳಿಗೆ ಮಾಡಿನ ಹಂಚುಗಳು ಕಪ್ಪಾಗುತ್ತಾ ಬಂದವು. ಸಾಯುತ್ತೇನೆ ಎಂದು ಅವಳಿಗೆ ಸ್ಪಷ್ಟವಾಗಿ ಅನಿಸಿತು. ರಾಘುವಿನ ಕೈಯಲ್ಲೇ ಸಾಯುತ್ತೇನೆ ಎಂದು ಬಹಳ ದುಃಖವಾಯಿತು.

ಆಗ ನಾಗಮ್ಮ ಎದ್ದಳು. ಅವಳು ಕೂಗಲಿಲ್ಲ, ಓಡಲೂ ಇಲ್ಲ. ತಕ್ಕಡಿಯ ಹತ್ತಿರ ಹೋಗಿ ಕಬ್ಬಿಣದ ತೂಕದ ಕಲ್ಲುಗಳಲ್ಲಿ ದೊಡ್ಡದನ್ನು ಎತ್ತಿಕೊಂಡು ಬಂದಳು. ಮಗನ ಬಲಗೈಯ ಮಣಿಕಟ್ಟಿನ ಮೇಲೆ ಹೊಡೆದಳು. ಎಲುಬು ಮುರಿದ ಸದ್ದು ಇಡೀ ಶೆಡ್ಡಿಗೆ ಕೇಳಿತು. ಅವನು ಕುತ್ತಿಗೆ ಬಿಟ್ಟ. ಹಿಂದೆ ತಿರುಗಿ, ಆಯೀ ಎಂದ, ಸಣ್ಣ ಹುಡುಗನ ಸ್ವರದಲ್ಲಿ. ನಾಗಮ್ಮ ಇನ್ನೊಂದು ಸಲ ಎತ್ತಿ ಅವನ ಹೆಗಲಿಗೆ ಹೊಡೆದಳು. ಅವನು ನೆಲಕ್ಕೆ ಬಿದ್ದ. ಬಿದ್ದಮೇಲೂ ಹೊಡೆದಳು. ಶಾಂತಾರಾಮನೂ ಮೂವರು ಹೆಂಗಸರೂ ಸೇರಿ ಅವಳ ಕೈಯಿಂದ ಕಲ್ಲನ್ನು ಬಿಡಿಸಬೇಕಾಯಿತು. ಬಿಡಿಸಿದ ಮೇಲೆ ಅವಳು ಅಲ್ಲೇ ಕುಕ್ಕರಿಸಿ ಕುಳಿತು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು.

ಇಬ್ಬರನ್ನೂ ಕುಮಟೆಯ ಒಂದೇ ಆಸ್ಪತ್ರೆಗೆ, ಅವನದೇ ಟೆಂಪೋದಲ್ಲಿ, ಬೇರೊಬ್ಬ ಡ್ರೈವರು ಒಯ್ದ. ಪೊಲೀಸರು ಬಂದು, ಮದುವೆ ನಿಶ್ಚಯವಾದವರ ಜಗಳ ಎಂದು ಬರೆದುಕೊಂಡು ಹೋದರು. ವಿನುತಾಳ ತುಟಿಗೂ ಹುಬ್ಬಿಗೂ ಹೊಲಿಗೆ ಬಿತ್ತು. ರಾಘುವಿನ ಕೈಗೆ ಸಿಮೆಂಟಿನ ಪಟ್ಟಿ ಹಾಕಿದರು, ಹೆಗಲಿಗೂ ಕಟ್ಟು ಬಿತ್ತು.

ಮನೆಗೆ ಬಂದ ದಿನ ಗಣಪಿ ಅಳುತ್ತಲೇ ಒಂದು ಮಾತು ತೆಗೆದಳು. ಅರ್ಧ ಊರಿಗೆ ಮದುವೆಯ ಹೇಳಿಕೆ ಆಗಿಹೋಗಿತ್ತು. ನಮ್ಮ ಕಡೆ ಹೇಳಿಕೆಯೆಂದರೆ ಕಾಗದ ಕಳಿಸುವುದಲ್ಲ. ಎರಡೂ ಮನೆಯ ಹಿರಿಯ ಹೆಂಗಸರು ಬಾಗಿಲು ಬಾಗಿಲಿಗೆ ಹೋಗಿ, ಬಾಯಿಬಿಟ್ಟು ಕರೆಯಬೇಕು. ಹಾಗೆ ಕರೆದ ಮದುವೆ ನಿಂತರೆ ಮತ್ತೆ ಅದೇ ಬಾಗಿಲುಗಳಿಗೆ ಹೋಗಿ ಹೇಳುವವರು ಯಾರು? ಹೇಳುವುದಾದರೂ ಎಂತ? ಹೆಣ್ಣಿನ ಕಡೆಯೇ ಏನೋ ದೋಷ ಎಂದು ಜನ ಆಡಿಕೊಳ್ಳುವುದಿಲ್ಲವೇ? ಅವನಿಗೂ ಬುದ್ಧಿ ಬಂದಿರಬಹುದು, ಆಗಿದ್ದು ಆಗಿಹೋಯಿತು ಎನ್ನುವ ತನಕ ಅವಳ ಮಾತು ಬಂತು. ವಿನುತಾಳಿಗೆ ಹೊಲಿಗೆಯಿಂದಾಗಿ ಬಾಯಿ ಬಿಡಲಾಗುತ್ತಿರಲಿಲ್ಲ. ತಾಯಿಯ ಕೈ ಹಿಡಿದು ಇಲ್ಲವೆಂದು ತಲೆಯಾಡಿಸಿದಳು. ಗಣಪಿ ನೋಡಿಯೂ ನೋಡದವಳ ಹಾಗೆ ಮುಖ ತಿರುಗಿಸಿದಳು. ಇನ್ನು ಈ ಮದುವೆಯನ್ನು ತಡೆಯಲು ತನಗೆ ಮಾತೂ ಇಲ್ಲ, ಜನರೂ ಇಲ್ಲ ಎಂದು ವಿನುತಾಳಿಗೆ ಅನಿಸಿತು.

ಅಷ್ಟರಲ್ಲಿ ನಾಗಮ್ಮ ಬಂದಳು. ಮದುವೆ ಹೇಳಲು ಹೋದಾಗ ಉಟ್ಟಿದ್ದ ಒಳ್ಳೆಯ ಸೀರೆಯನ್ನೇ ಉಟ್ಟಿದ್ದಳು. ಜಗಲಿ ಹತ್ತಲಿಲ್ಲ. ಅಂಗಳದಲ್ಲಿ ನಿಂತು ವಿನುತಾಳ ಮುಖವನ್ನು ನೋಡಿದಳು.

"ನಿನ್ನ ಮೇಲೆ ನನ್ನಷ್ಟು ಆಸೆ ಅವನಿಗೂ ಇರಲಿಲ್ಲ," ಎಂದಳು. "ಆದ್ರೂ ನಮ್ಮನೆಗೆ ಬರ್ಬೇಡ ಮಗಾ. ಸುಬ್ಬ ನಂಗೆ ಹೊಡೀವಾಗ ಅವನ ಆಯಿ ಒಲೆ ಮುಂದೆ ಕೂತೇ ಇದ್ದಳು. ನಾ ಒಂದ್ ಸಲ ಎದ್ದೆ, ಇನ್ನೆಷ್ಟು ಸಲ ಏಳೂಕೆ ಆಗ್ತದೆ?"

ಗಣಪಿ ಏನೋ ಹೇಳಹೊರಟಳು. ನಾಗಮ್ಮ ಕೈಯೆತ್ತಿ ತಡೆದಳು. ಹೇಳಿಕೆ ಹೇಳಿದ್ದು ನಾನು, ಇಲ್ಲ ಎಂದು ಹೇಳುವವಳೂ ನಾನೇ, ನೀನು ಬರುವುದು ಬೇಡ ಎಂದು ಅಂಗಳ ದಾಟಿದಳು. ಇನ್ನೊಂದು ಪಕ್ಕದ ಮನೆಯ ಬಾಗಿಲಿಗೆ ಹೋದಳು. ವಿನುತಾ ಜಗಲಿಯ ಕಂಬ ಹಿಡಿದು ಎದ್ದು ನಿಂತಳು. ಅಲ್ಲಿಂದ ಎಲ್ಲವೂ ಕೇಳುತ್ತಿತ್ತು.

ಪಕ್ಕದ ಮನೆಯವಳು, ಬನ್ನಿ ನಾಗಮ್ಮಕ್ಕ, ಕೂತ್ಕಳಿ ಎಂದಳು. ನಾಗಮ್ಮ ಕೂರಲಿಲ್ಲ. ಮದುವೆ ಇಲ್ಲ ಎಂದಳು. ಹುಡುಗಿಯಲ್ಲಿ ದೋಷ ಎಂತ ಎಂದು ಅವಳು ಸ್ವರ ತಗ್ಗಿಸಿ ಕೇಳಿದಳು. ನಾಗಮ್ಮ ಸ್ವರ ತಗ್ಗಿಸಲಿಲ್ಲ. ಹುಡುಗಿಯಲ್ಲಿ ಏನೂ ಇಲ್ಲ, ನನ್ನ ಮಗ ಅವಳಿಗೆ ಹೊಡೆದ, ಮತ್ತೂ ಹೊಡೀತಾನೆ ಎಂದಳು. ಪಕ್ಕದ ಮನೆಯವಳಿಗೆ ಇದು ಅರ್ಥವಾಗಲಿಲ್ಲ. ಇನ್ನೇನೋ ದೊಡ್ಡ ಕಾರಣ ಬರಬೇಕು ಎಂದು ಅವಳು ಕಾಯುತ್ತಾ ನಿಂತಳು.

"ಅಷ್ಟಕ್ಕೇ?" ಎಂದಳು ಕೊನೆಗೆ.

"ಹೌದು," ಎಂದಳು ನಾಗಮ್ಮ. "ಅಷ್ಟಕ್ಕೇ."

ಹೇಳಿ ಮುಂದಿನ ಮನೆಗೆ ನಡೆದಳು.